ಅಡ್ವಾನ್ಸ್ ಕೈಗೆ ಬರುವ ತನಕ ಮನೆ ಖಾಲಿಯಾಗಿಲ್ಲ

ಬೇರೆ ಊರಿನ ಕೆಲಸ ಗಟ್ಟಿಯಾಗುತ್ತಲೇ ಬಾಡಿಗೆ ಅಗ್ರಿಮೆಂಟನ್ನು ಹೊರಗೆ ತೆಗೆದೆ. ಸಹಿ ಹಾಕುವ ದಿನವೂ ಜನ ಅದನ್ನು ಪೂರ್ತಿ ಓದುವುದಿಲ್ಲ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ ಬೆರಳಿಟ್ಟು ನೋಡಿ ಸಹಿ ಹಾಕಿಬಿಡುತ್ತಾರೆ. ಬಿಟ್ಟು ಹೋಗುವಾಗ ಬೇಕಾಗುವ ಸಾಲುಗಳು ಹಿಂದಿನ ಹಾಳೆಗಳಲ್ಲಿರುತ್ತವೆ. ಪೆನ್ಸಿಲ್ ಹಿಡಿದು ಅವುಗಳ ಕೆಳಗೆ ಗೆರೆ ಎಳೆಯುತ್ತಾ ಹೋದೆ: ನೋಟಿಸ್ ಎಷ್ಟು ದಿನದ್ದು, ಇಷ್ಟು ತಿಂಗಳ ಒಳಗೆ ಬಿಡುವಂತಿಲ್ಲ ಎಂಬ ಲಾಕ್‌-ಇನ್ ಇನ್ನೂ ಉಳಿದಿದೆಯೋ, ಬಣ್ಣ ಮತ್ತು ರಿಪೇರಿ ಯಾರ ಖರ್ಚು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್.

ನೋಟಿಸಿನ ವಿಷಯದಲ್ಲಿ ದಿನದ ಸಂಖ್ಯೆಯಷ್ಟೇ ಮುಖ್ಯವಾದದ್ದು ಆ ದಿನಗಳು ಯಾವತ್ತಿನಿಂದ ಶುರುವಾಗುತ್ತವೆ ಎಂಬುದು. ಕೆಲವು ಕರಾರುಗಳಲ್ಲಿ ತಿಳಿಸಿದ ದಿನದಿಂದಲೇ ಲೆಕ್ಕ. ಇನ್ನು ಕೆಲವದರಲ್ಲಿ ಮುಂದಿನ ಬಾಡಿಗೆ ತಿಂಗಳ ಮೊದಲ ದಿನದಿಂದ. ನಮ್ಮದು ಎರಡನೇ ಬಗೆಯದು. ಅಂಥ ಕಡೆ ತಿಂಗಳ ಕೊನೆಯ ದಿನ ತಿಳಿಸುವ ಬದಲು ಮುಂದಿನ ತಿಂಗಳ ಎರಡನೇ ತಾರೀಖು ತಿಳಿಸಿದರೆ ಹೆಚ್ಚುಕಮ್ಮಿ ಒಂದು ತಿಂಗಳ ಬಾಡಿಗೆ ಸುಮ್ಮನೆ ಹೋಯಿತು. ಹಾಗಾಗಿ ತಿಂಗಳು ಮುಗಿಯುವ ಮೊದಲೇ ಓನರ್‌ಗೆ ಫೋನ್ ಮಾಡಿದೆ, ಅದೇ ದಿನ ಮೇಲ್ ಕೂಡ ಹಾಕಿದೆ. ಮೇಲ್‌ನಲ್ಲಿ ಹೆಚ್ಚೇನೂ ಇರಲಿಲ್ಲ. ಯಾವ ಮನೆ, ಯಾವ ತಾರೀಖಿಗೆ ಬಿಡುತ್ತಿದ್ದೇವೆ, ಅಗ್ರಿಮೆಂಟಿನ ಯಾವ ಕಲಂ ಪ್ರಕಾರ, ಅಡ್ವಾನ್ಸ್ ಯಾವ ಖಾತೆಗೆ ಹಾಕಬೇಕು, ಅಷ್ಟೇ.

ಓನರ್ ವಯಸ್ಸಾದವರು, ಮಾತಿನಲ್ಲಿ ಒಳ್ಳೆಯವರು. "ಬರೆದು ಕಳಿಸೋದೆಲ್ಲ ಯಾಕಮ್ಮಾ, ಬಾಯಲ್ಲಿ ಹೇಳಿದ್ರಲ್ಲ, ಸಾಕಲ್ಲ" ಅಂದರು.

"ಇರ್ಲಿ ಸರ್, ನಿಮ್ಮ ಮಗ ಕೇಳಿದ್ರೆ ತೋರ್ಸೋಕಾಗುತ್ತೆ" ಅಂದೆ. ಮನೆಯ ಲೆಕ್ಕವೆಲ್ಲ ನೋಡಿಕೊಳ್ಳುವುದು ಮಗ ಅಂತ ಗೊತ್ತಿತ್ತು. ಅವರು "ನೋಡಿದೆ" ಅಂತ ಒಂದು ಸಾಲು ಉತ್ತರ ಹಾಕುವ ತನಕ ನಾನು ಬಿಡಲಿಲ್ಲ. ಕಳಿಸಿದ್ದಕ್ಕೆ ಸಾಕ್ಷಿ ನಮ್ಮಲ್ಲಿರುತ್ತದೆ, ಸಿಕ್ಕಿತು ಅನ್ನುವುದಕ್ಕೆ ಅವರ ಉತ್ತರವೇ ಸಾಕ್ಷಿ.

ಆಮೇಲೆ ಮನೆ ನೋಡಲು ಬರುವವರ ಸಾಲು. ಇದರ ಬಗ್ಗೆ ಬಹಳ ಹೇಳುವುದಿಲ್ಲ. ಇಂಥ ದಿನ ಇಂಥ ಹೊತ್ತು ಅಂತ ಮೊದಲೇ ನಿಗದಿ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ. ನೋಟಿಸ್ ಕೊಟ್ಟ ಮಾತ್ರಕ್ಕೆ ಮನೆ ಓನರ್ ಕೈಗೆ ಹೋದ ಹಾಗಲ್ಲ, ಕೀಲಿಕೈ ಕೊಡುವ ತನಕ ಅದು ನಮ್ಮ ವಾಸದ ಜಾಗ. ನೋಡಲು ಬಂದವರು ಬೀರು ತೆಗೆಯುತ್ತಾರೆ, ಅಡುಗೆಮನೆ ಕಪಾಟು ಎಳೆಯುತ್ತಾರೆ, ಫೋಟೊ ಹೊಡೆಯುತ್ತಾರೆ. ಬೆಲೆಬಾಳುವುದನ್ನು, ಔಷಧಿಯನ್ನು, ಬ್ಯಾಂಕಿನ ಕಾಗದವನ್ನು ಒಳಗಿಟ್ಟು ಬೀಗ ಹಾಕಿದ್ದೆ. ನೀರು ಚೆನ್ನಾಗಿ ಬರುತ್ತಾ ಅಂತ ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಓನರ್ ಮುಖ ಸ್ವಲ್ಪ ಸಣ್ಣದಾಯಿತು, ಏನು ಮಾಡುವುದು.

ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ಕೆಲಸ. ಸಾಮಾನು ಕಟ್ಟುವುದಕ್ಕೆ ಸಾಕಷ್ಟು ಮೊದಲೇ ಓನರನ್ನು ಕರೆದು, ಜೊತೆಯಲ್ಲಿ ನಿಂತು ಮನೆ ತೋರಿಸಿದ್ದು. ಹೆಚ್ಚಿನವರು ಕೊನೆಯ ದಿನ ಮಾತ್ರ ತೋರಿಸುತ್ತಾರೆ. ಅವತ್ತು ಲಾರಿ ಕೆಳಗೆ ನಿಂತಿರುತ್ತದೆ, ಮಕ್ಕಳಿಗೆ ಹಸಿವು, ಓನರ್ ಏನು ಹೇಳಿದರೂ "ಆಯ್ತು ಹಿಡ್ಕೊಳ್ಳಿ" ಅನ್ನುವ ಸ್ಥಿತಿ. ಮೊದಲೇ ತೋರಿಸಿದರೆ ಅವರ ಮನಸ್ಸಿನಲ್ಲಿರುವ ಪಟ್ಟಿ ಹೊರಗೆ ಬರುತ್ತದೆ. ಅದರಲ್ಲಿ ನಾವೇ ಸರಿಮಾಡಬಹುದಾದದ್ದನ್ನು ನಮ್ಮ ಖರ್ಚಿನಲ್ಲಿ, ನಮಗೆ ಗೊತ್ತಿರುವ ಕೆಲಸಗಾರರಿಂದ ಮಾಡಿಸಿಕೊಳ್ಳಬಹುದು. ಅವರು ಮಾಡಿಸಿ ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡರೆ ಅವರು ಹೇಳಿದ್ದೇ ರೇಟು.

ಓನರ್ ಬಂದರು, ಜೊತೆಗೆ ಆಂಟಿಯೂ ಬಂದರು. ಕೋಣೆ ಕೋಣೆ ಸುತ್ತಿದೆವು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹಾಲ್‌ನ ಗೋಡೆಯಲ್ಲಿ ಮೊಳೆಯ ತೂತುಗಳು. ಸೋಫಾ ಒರಗಿ ಕಪ್ಪಾದ ಬಣ್ಣ. ಬಚ್ಚಲುಮನೆಯ ನಲ್ಲಿಗಳ ಮೇಲೆ ಗಡಸು ನೀರಿನ ಬಿಳಿ ಕಲೆ. ಬೀರುವಿನ ಬಾಗಿಲಿನ ಒಂದು ಕೀಲು ಸಡಿಲ. ಮಲಗುವ ಕೋಣೆಯ ಮೂಲೆಯಲ್ಲಿ ಬೂಷ್ಟು. ಬಾಲ್ಕನಿಯ ಸೊಳ್ಳೆ ಜಾಲರಿ ಹರಿದಿದೆ. ಅಡುಗೆಮನೆ ಕಿಟಕಿಯ ಗಾಜಿನಲ್ಲಿ ಬಿರುಕು.

"ಈ ಗಾಜು ಮೊದಲು ಸರಿಯಾಗಿತ್ತಲ್ಲಮ್ಮಾ?"

ಬಂದ ವಾರದಲ್ಲೇ ತೆಗೆದ ಫೋಟೊಗಳು ನನ್ನಲ್ಲಿದ್ದವು. ತೆಗೆದು ಇಟ್ಟುಕೊಂಡದ್ದಷ್ಟೇ ಆಗಿದ್ದರೆ ಅದು ನನ್ನ ಮಾತು. ಆಗಲೇ ಅವರಿಗೆ ಮೇಲ್ ಕೂಡ ಮಾಡಿದ್ದೆ, "ಸರ್, ಮನೆಗೆ ಬಂದಾಗ ಕಂಡ ಸಣ್ಣಪುಟ್ಟ ವಿಷಯಗಳು, ಮಾಹಿತಿಗಾಗಿ" ಅಂತ. ಗಾಜಿನ ಬಿರುಕು ಅದರಲ್ಲಿ ಮೂರನೇ ಫೋಟೊ. ಫೋನ್ ಅವರ ಕೈಗೆ ಕೊಟ್ಟೆ. ಆಂಟಿ ಬಗ್ಗಿ ನೋಡಿ, "ಹೌದು ಕಣ್ರೀ, ಹಿಂದಿನವರಿದ್ದಾಗಲೇ ಒಡೆದದ್ದು ಇದು" ಅಂದರು. ಗಾಜು ಪಟ್ಟಿಯಿಂದ ಹೋಯಿತು.

ಫೋಟೊ ವಿಷಯದಲ್ಲಿ ಇನ್ನೊಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ಯಾವಾಗ ಎಲ್ಲಿ ತೆಗೆದದ್ದು ಎಂದು ಫೈಲಿನೊಳಗೆ ಇರುವ ಮಾಹಿತಿಯೂ ಅಳಿಸಿಹೋಗುತ್ತದೆ. ಮೇಲ್‌ಗೆ ಲಗತ್ತಿಸಿ ಕಳಿಸಿದರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲೇ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮೂಲ ಫೈಲು ಹಾಗೇ ಹೋಗುತ್ತದೆ. ಮೇಲ್ ಆದರೆ ಕಳಿಸಿದ ತಾರೀಖೂ ಅದರ ಜೊತೆಗೇ ಇರುತ್ತದೆ.

ಉಳಿದ ಪಟ್ಟಿಯನ್ನು ರಾತ್ರಿ ಇಟ್ಟುಕೊಂಡು ಕೂತಾಗ ನಿಜವಾದ ಪ್ರಶ್ನೆ ಎದುರಾಯಿತು. ಇದರಲ್ಲಿ ಸವೆತ ಯಾವುದು, ಹಾನಿ ಯಾವುದು? ಬಾಡಿಗೆ ಕೊಟ್ಟು ಮನೆಯಲ್ಲಿ ವಾಸ ಮಾಡಿದರೆ ಮನೆ ಸವೆಯುತ್ತದೆ. ಬಣ್ಣ ಮಾಸುತ್ತದೆ, ನೆಲದ ಹೊಳಪು ಹೋಗುತ್ತದೆ, ಸ್ವಿಚ್ಚಿನ ಸುತ್ತ ಕೈಯ ಗುರುತು ಕೂರುತ್ತದೆ. ಆ ಸವೆತಕ್ಕೇ ತಿಂಗಳು ತಿಂಗಳು ಬಾಡಿಗೆ ಕೊಡುವುದು. ಅದನ್ನು ಮತ್ತೆ ಅಡ್ವಾನ್ಸ್‌ನಲ್ಲಿ ಹಿಡಿದರೆ ಒಂದಕ್ಕೇ ಎರಡು ಸಲ ದುಡ್ಡು ಕೊಟ್ಟ ಹಾಗೆ. ಇದು ನನ್ನ ವಾದವಲ್ಲ, ಹಳೆಯ ಕಾನೂನು. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ, ಬಾಡಿಗೆದಾರ ಮನೆಯನ್ನು ತನಗೆ ಸಿಕ್ಕ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎಂದಿದೆ. ಸಹಜ ಸವೆತದಿಂದಲೂ ತಡೆಯಲಾಗದ ಶಕ್ತಿಯಿಂದಲೂ ಆದ ಬದಲಾವಣೆಗೆ ಅದು ಅನ್ವಯಿಸುವುದಿಲ್ಲ ಎಂಬ ಮಾತೂ ಜೊತೆಗೇ ಇದೆ. ಇಂಗ್ಲೆಂಡಿನಲ್ಲೂ ಹೆಚ್ಚುಕಮ್ಮಿ ಇದೇ ಅರ್ಥ: ಸಾಧಾರಣ ಬಳಕೆ ಮತ್ತು ಪ್ರಕೃತಿಯ ಸಹಜ ಕ್ರಿಯೆಯಿಂದ ಆದದ್ದು ಸವೆತ. ಜರ್ಮನಿಯ ಫೆಡರಲ್ ನ್ಯಾಯಾಲಯ 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸುಣ್ಣಬಣ್ಣ ಇಲ್ಲದ ಹಳೆಯ ಸ್ಥಿತಿಯಲ್ಲೇ ಮನೆ ಪಡೆದವನ ಮೇಲೆ, ಅದಕ್ಕೆ ತಕ್ಕ ಪರಿಹಾರ ಕೊಡದೆ, ಬಣ್ಣ ಹೊಡೆಸುವ ಹೊಣೆಯನ್ನು ಮಾದರಿ ಕರಾರಿನ ಮೂಲಕ ಹೇರುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಎಲ್ಲ ಕಡೆಯೂ ಪ್ರಶ್ನೆ ತಿರುಗಿ ಅಲ್ಲಿಗೇ ಬರುತ್ತದೆ: ಬಂದಾಗ ಮನೆ ಹೇಗಿತ್ತು?

ಹಾನಿಯೇ ಆಗಿದ್ದರೂ ಪೂರ್ತಿ ಹೊಸ ಬೆಲೆ ಕೊಡಬೇಕಿಲ್ಲ. ವಸ್ತುವಿಗೆ ಒಂದು ಆಯುಸ್ಸಿದೆ. ಹತ್ತು ವರ್ಷ ಬಾಳಬಹುದಾದ ಒಂದು ವಸ್ತು ಎಂಟನೇ ವರ್ಷದ ಕೊನೆಗೆ ನಮ್ಮ ಕೈಯಲ್ಲಿ ಹಾಳಾದರೆ, ಓನರ್ ಕಳೆದುಕೊಂಡದ್ದು ಉಳಿದ ಎರಡು ವರ್ಷದ ಬೆಲೆ, ಅಂದರೆ ಐದರಲ್ಲಿ ಒಂದು ಪಾಲು. ನಮ್ಮ ದುಡ್ಡಿನಲ್ಲಿ ಅವರಿಗೆ ಹಳೆಯದರ ಜಾಗಕ್ಕೆ ಹೊಸದು ಬರುವುದು ನ್ಯಾಯವಲ್ಲ. ಈ ಲೆಕ್ಕ ಗೊತ್ತಿದ್ದರೆ ಸಾಕು, ಅರ್ಧ ಜಗಳ ಮಾತಿನಲ್ಲೇ ಇಳಿಯುತ್ತದೆ. ಆದರೆ ಅಗ್ರಿಮೆಂಟಿನಲ್ಲೇ "ಬಿಡುವಾಗ ಬಣ್ಣದ ಖರ್ಚು ಬಾಡಿಗೆದಾರರದು" ಅಂತ ಬರೆದು ಸಹಿ ಹಾಕಿದ್ದರೆ ಮಾತು ಬೇರೆ. ಆಗ ಚರ್ಚೆ ಮೊತ್ತದ ಬಗ್ಗೆ ಮಾತ್ರ. ನಮ್ಮ ಅಗ್ರಿಮೆಂಟಿನಲ್ಲಿ "ಅಗತ್ಯವಿದ್ದಲ್ಲಿ ಬಣ್ಣದ ಖರ್ಚು" ಎಂದಿತ್ತು. ಅಗತ್ಯ ಅಂದರೆ ಯಾರ ಅಗತ್ಯ ಅಂತ ಬರೆದಿರಲಿಲ್ಲ. ಇಂಥ ಸಾಲು ಬರೆಯುವವರಿಗೆ ಅದರ ಮುಂದಿನ ಕಥೆ ಗೊತ್ತಿರುತ್ತದೆ ಅಂತ ನನ್ನ ಗುಮಾನಿ.

ಪಟ್ಟಿಯನ್ನು ಮೂರು ಭಾಗ ಮಾಡಿದೆ. ಕೀಲು, ಜಾಲರಿ, ತೂತು, ನಲ್ಲಿಯ ಕಲೆ ನಾವು ಸರಿಮಾಡುವುದು. ಸೋಫಾ ಒರಗಿದ ಗುರುತು ಸವೆತ. ಬೂಷ್ಟು ಮಾತಾಡಬೇಕಾದದ್ದು.

ಮೊಳೆಯ ತೂತು ಮುಚ್ಚುವುದು ದೊಡ್ಡ ವಿದ್ಯೆಯಲ್ಲ. ಸಡಿಲವಾದ ಪುಡಿಯನ್ನು ಕೆರೆದು ತೆಗೆದು, ಪುಟ್ಟಿಯನ್ನು ಗೋಡೆಯ ಮಟ್ಟಕ್ಕಿಂತ ಒಂದು ಚೂರು ಉಬ್ಬಿರುವಂತೆ ತುಂಬಬೇಕು. ಒಣಗುವಾಗ ಅದು ಕುಗ್ಗುತ್ತದೆ. ಪೂರ್ತಿ ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿದರೆ ಆಯಿತು. ಅದರ ಮೇಲೆ ಬಣ್ಣ ಬಳಿಯಬೇಕೋ ಬೇಡವೋ ಎಂಬುದೇ ಯೋಚಿಸಬೇಕಾದ ವಿಷಯ. ಅಂಗಡಿಯಿಂದ ಅದೇ ನಂಬರಿನ ಬಣ್ಣ ತಂದರೂ ಗೋಡೆಯ ಬಣ್ಣ ವರ್ಷಗಟ್ಟಲೆ ಬೆಳಕು ಕುಡಿದು ಮಾಸಿರುತ್ತದೆ. ಒಂದೊಂದೇ ತೂತಿನ ಮೇಲೆ ಹೊಸ ಬಣ್ಣ ಬಳಿದರೆ ಹಳೇ ಸೀರೆಗೆ ಹೊಸ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ. ಬಳಿದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಡೀ ಗೋಡೆ ಬಳಿಯಬೇಕು. ನಾವು ಪುಟ್ಟಿ ಹಾಕಿ ಉಜ್ಜಿ ಬಿಟ್ಟೆವು. ಬಣ್ಣದ ಬಗ್ಗೆ ಓನರನ್ನೇ ಕೇಳಿದ್ದೆ. "ಹೇಗೂ ನಾವು ಪೂರ್ತಿ ಹೊಡೆಸ್ತೀವಿ, ನೀವು ಮುಟ್ಬೇಡಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬಂತು. ಈ ಒಂದು ಸಾಲು ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ನಲ್ಲಿಯ ಬಿಳಿ ಕಲೆ ನೀರಿನಲ್ಲಿರುವ ಸುಣ್ಣದಂಶದ್ದು. ವಿನೆಗರ್ ಅಥವಾ ನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್‌ನಲ್ಲಿ ಬಟ್ಟೆ ನೆನೆಸಿ ನಲ್ಲಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಕರಗುತ್ತದೆ. ಆದರೆ ಪಕ್ಕದಲ್ಲಿ ಮಾರ್ಬಲ್ ಇದ್ದರೆ ಜೋಪಾನ. ಮಾರ್ಬಲ್ ಕೂಡ ಸುಣ್ಣದ ಕಲ್ಲೇ, ಕಲೆ ಕರಗಿಸುವ ಹುಳಿ ಕಲ್ಲನ್ನೂ ತಿನ್ನುತ್ತದೆ. ನಲ್ಲಿ ಹೊಳೆಯಿಸಲು ಹೋಗಿ ಕಟ್ಟೆಯ ಹೊಳಪು ಕಳೆದರೆ ಸಣ್ಣ ವಿಷಯ ದೊಡ್ಡದಾಯಿತು. ಅದಕ್ಕಿಂತ ಮುಖ್ಯವಾದದ್ದು, ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚ್ ಸೇರಿಸಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಕೊನೆಯ ದಿನಗಳ ಅವಸರದಲ್ಲಿ ಕೈಗೆ ಸಿಕ್ಕಿದ ಬಾಟಲಿಗಳನ್ನೆಲ್ಲ ಒಟ್ಟಿಗೆ ಸುರಿಯುವವರಿದ್ದಾರೆ, ಅದಕ್ಕೇ ಹೇಳಿದೆ.

ಬೂಷ್ಟಿನ ಕಥೆ ಬೇರೆ. ಗೋಡೆಗೆ ತೇವ ಎಲ್ಲಿಂದ ಬಂತು ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ. ಹೊರಗಿನ ಬಿರುಕಿನಿಂದಲೋ ಪೈಪಿನ ಸೋರಿಕೆಯಿಂದಲೋ ಬಂದದ್ದಾದರೆ ಕಟ್ಟಡದ ದೋಷ. ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಹಾಕಿ, ಉಸಿರು ಮತ್ತು ಅಡುಗೆಯ ಆವಿ ತಣ್ಣನೆಯ ಗೋಡೆಗೆ ಕೂತು ಬಂದದ್ದಾದರೆ ಓನರ್ ನಮ್ಮ ಕಡೆ ಬೆರಳು ತೋರಿಸುತ್ತಾರೆ. ಸೋರಿಕೆಯದು ಸಾಮಾನ್ಯವಾಗಿ ಒಂದು ಕಡೆ ಕಲೆಯಾಗಿ ಹರಡುತ್ತದೆ, ಸುತ್ತ ಹಳದಿ ಅಂಚಿರುತ್ತದೆ, ಮಳೆ ಬಂದಾಗ ಜಾಸ್ತಿ. ಆವಿಯದು ಮೂಲೆಗಳಲ್ಲಿ, ಬೀರುವಿನ ಹಿಂದೆ, ಗಾಳಿ ಆಡದ ಕಡೆ ಕಪ್ಪು ಚುಕ್ಕೆಗಳಾಗಿ ಬರುತ್ತದೆ. ನಮ್ಮದು ಮಳೆಯದು. ಮೊದಲ ಸಲ ಕಂಡಾಗಲೇ ಫೋಟೊ ಸಮೇತ ತಿಳಿಸಿದ್ದೆ, "ಮಳೆ ನಿಲ್ಲಲಿ, ನೋಡೋಣ" ಎಂಬ ಉತ್ತರವೂ ಇತ್ತು. ಕಂಡಕೂಡಲೇ ತಿಳಿಸುವುದು ಬಾಡಿಗೆದಾರರ ಕೆಲಸ. ತಿಳಿಸದೆ ಸುಮ್ಮನಿದ್ದು ಅದು ಗೋಡೆಯೆಲ್ಲ ಹಬ್ಬಿದರೆ, ಶುರುವಾದದ್ದು ಅವರ ಪೈಪಿನಿಂದಾದರೂ ಹಬ್ಬಿದ್ದು ನಮ್ಮ ಮೌನದಿಂದ ಅಂತ ಹೇಳಲು ಅವರಿಗೆ ಜಾಗ ಸಿಗುತ್ತದೆ.

ನಾವು ಹಾಕಿಸಿದ್ದ ಪರದೆ ಸರಳುಗಳು, ಬಾಲ್ಕನಿಯ ಬಟ್ಟೆ ಒಣಗಿಸುವ ಸ್ಟ್ಯಾಂಡು, ಎರಡು ಫ್ಯಾನು ನಮ್ಮವು. ಮೇಲೆ ಹೇಳಿದ 108ನೇ ಕಲಂ ಬಾಡಿಗೆದಾರರು ತಾವು ಅಳವಡಿಸಿದ್ದನ್ನು ಬಿಚ್ಚಿ ಒಯ್ಯಬಹುದು ಅನ್ನುತ್ತದೆ, ಆದರೆ ಜಾಗವನ್ನು ಸಿಕ್ಕ ಸ್ಥಿತಿಗೆ ತಂದು ಬಿಡಬೇಕು. ಫ್ಯಾನ್ ಬಿಚ್ಚಿದ ಮೇಲೆ ಓನರ ಹಳೆ ಫ್ಯಾನ್‌ಗಳನ್ನು ಅಟ್ಟದಿಂದ ಇಳಿಸಿ ಹಾಕಿಸಿದೆವು. ಆಂಟಿ ಪರದೆ ಸರಳು ಬಿಟ್ಟುಹೋಗಿ ಅಂದರು, ಬಿಟ್ಟೆವು. ಬಿಟ್ಟದ್ದನ್ನೂ ಪಟ್ಟಿಯಲ್ಲಿ ಬರೆದೆ.

ಈ ನಡುವೆ ನಮ್ಮ ಸ್ನೇಹಿತರೆಲ್ಲ ಕೊಡುತ್ತಿದ್ದ ಸಲಹೆ ಒಂದೇ. "ಕೊನೇ ಎರಡು ತಿಂಗಳು ಬಾಡಿಗೆ ಕಟ್ಟಬೇಡಿ, ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಅನ್ನಿ." ಯಾಕೆ ಹೀಗೆ ಮಾಡುತ್ತಾರೆ ಅಂತ ಅರ್ಥವಾಗುತ್ತದೆ. ಕೊಟ್ಟ ದುಡ್ಡು ವಾಪಸ್ ತರುವುದಕ್ಕಿಂತ ಕೊಡದೆ ಇರುವುದು ಸುಲಭ. ಆದರೂ ನಾನು ಹಾಗೆ ಮಾಡಲಿಲ್ಲ. ಅಡ್ವಾನ್ಸ್ ಇರುವುದು ಹಾನಿಗೆ, ಬಾಕಿಗೆ ಭದ್ರತೆಯಾಗಿ. ಓನರ್ ಒಪ್ಪಿಗೆ ಇಲ್ಲದೆ ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನಾವಾಗುತ್ತೇವೆ, ನಮ್ಮ ಬಾಯಿ ಕಟ್ಟುತ್ತದೆ. ಆದರೆ ಓನರೇ ಒಪ್ಪಿ, ಅದನ್ನು ಬರೆದುಕೊಟ್ಟರೆ ಇದಕ್ಕಿಂತ ಸರಳ ದಾರಿ ಇಲ್ಲ. ಹಿಂದೆ ತಡಮಾಡಿ ಕೊಟ್ಟವರು, ಹಿಂದಿನ ಬಾಡಿಗೆದಾರರಿಗೆ ಕೊಡದೆ ಸತಾಯಿಸಿದವರು ಅಂತ ಗೊತ್ತಿದ್ದರೆ ನೋಟಿಸ್ ಕೊಡುವಾಗಲೇ ಈ ಮಾತು ಎತ್ತುವುದು ಜಾಣತನ. ಹಿಂದೆ ಇದ್ದವರನ್ನು ಹುಡುಕಿ ಕೇಳುವುದು ಕಷ್ಟವೇನಲ್ಲ, ವಾಚ್‌ಮನ್‌ಗೆ ಎಲ್ಲ ಗೊತ್ತಿರುತ್ತದೆ.

ಸಾಮಾನು ಸಾಗಿಸಿದ್ದರ ಬಗ್ಗೆ ಬರೆಯುವಂಥದ್ದು ಕಡಿಮೆ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಐಸು ಕರಗಿಸಿ ಒರೆಸಿಟ್ಟೆವು, ಇಲ್ಲದಿದ್ದರೆ ನೀರು ಲಾರಿಯಲ್ಲಿ ಹಾಸಿಗೆಯ ಮೇಲೆ ಸುರಿಯುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು. ಎದುರು ಬಾಗಿಲಿನ ವಾಷಿಂಗ್ ಮೆಷಿನ್‌ಗೆ ಕೊಂಡಾಗ ಬಿಚ್ಚಿ ಕೊಟ್ಟಿದ್ದ ಟ್ರಾನ್ಸಿಟ್ ಬೋಲ್ಟುಗಳನ್ನು ಮತ್ತೆ ಹಾಕಬೇಕು, ಇಲ್ಲವಾದರೆ ಡ್ರಮ್ಮು ದಾರಿಯುದ್ದಕ್ಕೂ ಕುಣಿಯುತ್ತದೆ. ಲಿಫ್ಟ್ ಬಳಸಲು ಅಪಾರ್ಟ್‌ಮೆಂಟ್ ಸಂಘದ ಅನುಮತಿ, ಬಾಕಿ ಇಲ್ಲ ಎಂಬ ಚೀಟಿ ಮೊದಲೇ ಪಡೆದಿದ್ದೆವು. ಚೀಟಿ ಇಲ್ಲದಿದ್ದರೆ ಗೇಟಿನಲ್ಲಿ ಲಾರಿ ಬಿಡುವುದಿಲ್ಲ.

ಒಪ್ಪಿಸುವುದನ್ನು ಮಾತ್ರ ಲಾರಿ ಹೋದ ದಿನಕ್ಕೆ ಇಟ್ಟುಕೊಳ್ಳಲಿಲ್ಲ, ಮರುದಿನ ಬೆಳಿಗ್ಗೆಗೆ ಇಟ್ಟುಕೊಂಡೆ. ಹಗಲು ಬೆಳಕಿರಬೇಕು, ಕರೆಂಟು ನೀರು ಎರಡೂ ಇರಬೇಕು, ಮನೆ ಪೂರ್ತಿ ಖಾಲಿ ಇರಬೇಕು. ಓನರ್ ಬರುವ ಮೊದಲು ಬಾಗಿಲಿನಿಂದ ಶುರುಮಾಡಿ ಎಲ್ಲೂ ಕತ್ತರಿಸದೆ ಒಂದೇ ವಿಡಿಯೊ ತೆಗೆದೆ: ಪ್ರತಿ ಗೋಡೆ, ಸೀಲಿಂಗು, ಕಪಾಟಿನ ಒಳಗೆ, ನಲ್ಲಿ ತಿರುಗಿಸಿ ನೀರು ಬರುವುದು, ಫ್ಲಷ್ಷು, ಗೀಸರ್ ದೀಪ ಹತ್ತುವುದು, ಪ್ರತಿ ಸ್ವಿಚ್ಚು. ಕರೆಂಟ್ ಮೀಟರಿನ ಫೋಟೊದಲ್ಲಿ ಅಂಕಿಯ ಜೊತೆ ಮೀಟರಿನ ಸಂಖ್ಯೆಯೂ ಕಾಣಬೇಕು. ಬರೀ ಅಂಕಿ ಯಾವ ಮನೆಯದೂ ಆಗಬಹುದು. ನೀರಿನ ಮೀಟರ್, ಪೈಪ್ ಗ್ಯಾಸಿನ ಮೀಟರ್ ಇದ್ದಲ್ಲಿ ಅದೂ ಹೀಗೆಯೇ.

ಆಮೇಲೆ ಓನರ್ ಜೊತೆ ಮತ್ತೊಂದು ಸುತ್ತು. ಕೀಲು, ಜಾಲರಿ, ತೂತು, ನಲ್ಲಿ ಒಂದೊಂದಾಗಿ ತೋರಿಸಿ ಹಳೆಯ ಪಟ್ಟಿಯಲ್ಲಿ ಟಿಕ್ ಹಾಕಿದೆವು. ನಾನು ಒಂದು ಹಾಳೆ ಬರೆದು ತಂದಿದ್ದೆ. ಇಂಥ ತಾರೀಖು ಇಷ್ಟು ಗಂಟೆಗೆ ಮನೆಯನ್ನು ಒಪ್ಪಿಸಿದ್ದೇವೆ, ಮುಂಬಾಗಿಲಿನದು, ಬೀರುವಿನದು, ಟಪಾಲು ಪೆಟ್ಟಿಗೆಯದು ಅಂತ ಇಷ್ಟು ಕೀಲಿಕೈ, ಇಷ್ಟು ಗೇಟ್ ಕಾರ್ಡು ಕೊಟ್ಟಿದ್ದೇವೆ, ಮೀಟರ್ ಹೀಗಿದೆ, ಉಳಿದ ವಿಷಯ ಇವಿಷ್ಟು. ಇಬ್ಬರೂ ಸಹಿ ಹಾಕಿದೆವು, ಒಂದೊಂದು ಪ್ರತಿ. ಬಾಡಿಗೆ ನಿಲ್ಲುವುದು ಸಾಮಾನು ಹೋದಾಗ ಅಲ್ಲ, ಕೀಲಿಕೈ ಕೈಬದಲಾದಾಗ. ವಾಚ್‌ಮನ್ ಕೈಗೆ ಕೊಟ್ಟು ಹೋದರೆ ಯಾವಾಗ ಕೊಟ್ಟದ್ದು ಎಂಬುದಕ್ಕೆ ಆಮೇಲೆ ಅವನನ್ನೇ ಹುಡುಕಬೇಕು.

ಓನರ್ ಇನ್ನೊಂದು ಕಾಗದ ತಂದಿದ್ದರು. "ಎಲ್ಲ ಲೆಕ್ಕ ಚುಕ್ತಾ, ಯಾವ ಬಾಕಿಯೂ ಇಲ್ಲ" ಎಂಬ ಒಕ್ಕಣೆ. "ಮಗ ಕೊಟ್ಟು ಕಳಿಸಿದ, ಸಹಿ ಹಾಕಮ್ಮಾ."

"ಅಡ್ವಾನ್ಸ್ ಬರ್ಲಿ ಸರ್, ಅವತ್ತೇ ಹಾಕ್ತೀನಿ" ಅಂದೆ. ಅವರು ಮಡಚಿ ಜೇಬಿಗಿಟ್ಟುಕೊಂಡರು, ಬೇಜಾರು ಮಾಡಿಕೊಳ್ಳಲಿಲ್ಲ. ದುಡ್ಡು ಬರುವ ಮೊದಲು ಚುಕ್ತಾ ಅಂತ ಸಹಿ ಹಾಕಿದರೆ ಆಮೇಲೆ ಕೇಳಲು ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ವಾರದ ಮೇಲೆ ಮಗನ ಫೋನು. ಪೇಂಟಿಂಗು, ಕ್ಲೀನಿಂಗು, ಬೂಷ್ಟಿಗೆ ವಾಟರ್‌ಪ್ರೂಫಿಂಗು ಎಲ್ಲ ಸೇರಿ ಒಂದು ದೊಡ್ಡ ಮೊತ್ತ ಹೇಳಿದರು, ಉಳಿದದ್ದು ಹೊಸಬರು ಬಂದ ಮೇಲೆ ಅಂದರು. ಫೋನಿನಲ್ಲಿ ವಾದ ಮಾಡಲಿಲ್ಲ. "ಯಾವುದಕ್ಕೆ ಎಷ್ಟು ಅಂತ ಬಿಡಿಸಿ, ಬಿಲ್ ಜೊತೆ ಮೇಲ್ ಮಾಡಿ ಸರ್, ನೋಡಿ ಹೇಳ್ತೀನಿ" ಅಂತಷ್ಟೇ ಹೇಳಿದೆ. ಒಟ್ಟು ಮೊತ್ತದ ಮೇಲೆ ಚೌಕಾಸಿಗೆ ಇಳಿದರೆ ಅರ್ಧಕ್ಕೆ ನಿಲ್ಲುತ್ತದೆ, ಆ ಅರ್ಧವೂ ಸರಿಯಲ್ಲದಿರಬಹುದು.

ಆ ದಿನಗಳಲ್ಲಿ ಬೇರೆ ಬೇರೆ ಕಡೆಯ ನಿಯಮ ಓದಿದೆ. "ಹೊಸಬರು ಬಂದ ಮೇಲೆ" ಎಂಬ ಮಾತಿಗೆ ಬೆಲೆ ಎಷ್ಟು ಅಂತ ತಿಳಿಯಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಟ್ಟ 21 ದಿನದೊಳಗೆ ಡೆಪಾಸಿಟ್ಟನ್ನೂ, ಹಿಡಿದುಕೊಂಡದ್ದರ ವಿವರವನ್ನೂ ಕೊಡಬೇಕು. ಇಂಗ್ಲೆಂಡಿನಲ್ಲಿ 2007ರಿಂದ ಸಾಮಾನ್ಯ ಬಾಡಿಗೆಗಳ ಡೆಪಾಸಿಟ್ಟನ್ನು ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯೊಂದರ ಅಡಿಯಲ್ಲೇ ಇಡಬೇಕು, ತಕರಾರು ಬಂದರೆ ಅಲ್ಲಿಯೇ ಪಂಚಾಯಿತಿ. ನ್ಯೂಜಿಲೆಂಡಿನಲ್ಲಿ ಆ ದುಡ್ಡು ಸರ್ಕಾರದ ಟೆನೆನ್ಸಿ ಸರ್ವಿಸಸ್ ಬಳಿ ಇರುತ್ತದೆ. ಜರ್ಮನಿಯಲ್ಲಿ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಭಾರತದ ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿದೆ, ಖಾಲಿ ಮನೆ ವಶಕ್ಕೆ ಪಡೆಯುವಾಗಲೇ ಸಲ್ಲಬೇಕಾದ ಕಡಿತ ಮಾಡಿ ಉಳಿದದ್ದು ಕೊಡಬೇಕು ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಜಾರಿ. ಹೊಸ ಬಾಡಿಗೆದಾರರ ಅಡ್ವಾನ್ಸ್‌ನಿಂದ ಹಳಬರಿಗೆ ಕೊಡುವುದು ಓನರ ಅನುಕೂಲವೇ ಹೊರತು ನಿಯಮವಲ್ಲ. ನಮ್ಮ ಅಗ್ರಿಮೆಂಟಿನಲ್ಲೂ ಮನೆ ಒಪ್ಪಿಸಿದ 30 ದಿನದೊಳಗೆ ಎಂದೇ ಇತ್ತು, ಹೊಸಬರ ಪ್ರಸ್ತಾಪ ಇರಲಿಲ್ಲ.

ಮಗನ ಮೇಲ್ ಬಂತು. ಬಿಲ್ಲುಗಳಲ್ಲ, ಗುತ್ತಿಗೆದಾರನ ಕೊಟೇಶನ್ನು. ಉತ್ತರದಲ್ಲಿ ಸಿಟ್ಟಿನ ಒಂದು ಪದವೂ ಇಲ್ಲದಂತೆ ನೋಡಿಕೊಂಡೆ. ವಾಟರ್‌ಪ್ರೂಫಿಂಗಿಗೆ, ಮಳೆಗಾಲದಲ್ಲಿ ತಿಳಿಸಿದ ಮೇಲ್ ಮತ್ತು ಅವರ ಉತ್ತರ. ಕ್ಲೀನಿಂಗಿಗೆ, ಒಪ್ಪಿಸಿದ ದಿನದ ವಿಡಿಯೊ ಮತ್ತು ಇಬ್ಬರ ಸಹಿಯ ಹಾಳೆ. ಬಣ್ಣಕ್ಕೆ, "ಹೇಗೂ ನಾವು ಪೂರ್ತಿ ಹೊಡೆಸ್ತೀವಿ" ಎಂಬ ಅವರ ತಂದೆಯದೇ ಸಾಲು. ಜೊತೆಗೆ, ನಾವು ಬರುವ ಮೊದಲು ಹೊಡೆಸಿದ್ದ ಆ ಬಣ್ಣಕ್ಕೆ ಈಗ ಎಷ್ಟು ವರ್ಷ ಎಂಬ ಲೆಕ್ಕ. ಸೋಫಾ ಒರಗಿದ ಗೋಡೆ ಮಾಮೂಲಿಗಿಂತ ಹೆಚ್ಚು ಕೊಳೆಯಾಗಿತ್ತು, ಅದನ್ನು ನಾನೇ ಒಪ್ಪಿ, ಆ ಒಂದು ಗೋಡೆಯ ಖರ್ಚಿನಲ್ಲಿ ಒಂದು ಪಾಲು ಹಿಡಿದುಕೊಳ್ಳಿ ಅಂತ ಮೊತ್ತ ಬರೆದೆ. ಕೊನೆಯಲ್ಲಿ ಅಗ್ರಿಮೆಂಟಿನ ಕಲಂ, 30 ದಿನ ಮುಗಿಯುವ ತಾರೀಖು. ಕೊಡಬೇಕಾದದ್ದನ್ನು ನಾವೇ ಬಾಯಿಬಿಟ್ಟು ಹೇಳಿದರೆ ಉಳಿದ ನಮ್ಮ ಮಾತಿಗೂ ತೂಕ ಬರುತ್ತದೆ ಅಂತ ನನ್ನ ನಂಬಿಕೆ. ಇದು ಎಲ್ಲರ ಹತ್ತಿರವೂ ನಡೆಯುತ್ತದೆ ಅಂತ ಹೇಳಲಾರೆ. ನಡೆಯದಿದ್ದಲ್ಲಿ ಮುಂದಿನ ಹೆಜ್ಜೆ ವಕೀಲರ ನೋಟಿಸು, ಆಮೇಲೆ ಆಯಾ ಕಡೆಯ ಬಾಡಿಗೆ ಪ್ರಾಧಿಕಾರವೋ ಕೋರ್ಟೋ. ಅಲ್ಲಿಗೂ ಒಯ್ಯಬೇಕಾದದ್ದು ಇವೇ ಕಾಗದಗಳು.

ಮಗ ಉತ್ತರ ಬರೆಯಲಿಲ್ಲ. ಓನರೇ ಫೋನ್ ಮಾಡಿದರು. "ಅವನಿಗೆ ಹೇಳಿದೀನಮ್ಮಾ, ಆ ಸೋರೋದು ನಮ್ದೇ ತಪ್ಪು. ಬಣ್ಣಕ್ಕೆ ಇನ್ನೊಂಚೂರು ಸೇರಿಸ್ಕೊಳ್ಳಲಾ?" ಸೇರಿಸಿಕೊಳ್ಳಿ ಅಂದೆ. ಕೇಳಿದ ರೀತಿಗೇ ಇಲ್ಲ ಅನ್ನಲಾಗಲಿಲ್ಲ, ಮೊತ್ತವೂ ದೊಡ್ಡದಲ್ಲ. ಗಡುವಿನೊಳಗೇ ದುಡ್ಡು ಖಾತೆಗೆ ಬಂತು. ಅವತ್ತೇ ಚುಕ್ತಾ ಕಾಗದಕ್ಕೆ ಸಹಿ ಹಾಕಿ, ಮೂಲ ಅಗ್ರಿಮೆಂಟ್ ರದ್ದು ಎಂದು ಇಬ್ಬರೂ ಬರೆದುಕೊಂಡೆವು.

ವಿಳಾಸ ಬದಲಾಯಿಸುವ ಕೆಲಸ ಇದಕ್ಕಿಂತ ಉದ್ದ ಎಳೆಯುತ್ತದೆ. ಬ್ಯಾಂಕು, ವಿಮೆ, ಗುರುತಿನ ಚೀಟಿ, ಗ್ಯಾಸು, ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ವಿಳಾಸ. ಇದರಲ್ಲಿ ಕೊನೆಯದನ್ನು ಮೊದಲು ಮಾಡಿ, ಇಲ್ಲದಿದ್ದರೆ ಪಾರ್ಸೆಲ್ಲು ಹಳೆ ಮನೆ ಬಾಗಿಲಲ್ಲಿ ಕೂರುತ್ತದೆ. ಬಾಡಿಗೆಗೆ ಬ್ಯಾಂಕಿನಲ್ಲಿ ತಾನೇ ಹೋಗುವಂತೆ ಹಾಕಿದ್ದ ಸೂಚನೆಯನ್ನು ಕೊನೆಯ ಕಂತಾದ ಕೂಡಲೇ ತೆಗೆಸಬೇಕು. ಸ್ಮಾರ್ಟ್ ಬೀಗ, ಕ್ಯಾಮೆರಾ, ಗೇಟಿನ ಆ್ಯಪ್ ಇದ್ದರೆ ಅದರಿಂದ ನಮ್ಮ ಹೆಸರು ತೆಗೆಸಬೇಕು. ಯಾರೋ ಅಪರಿಚಿತರು ಗೇಟಿನಲ್ಲಿ ನಿಂತಾಗ ಒಪ್ಪಿಗೆ ಕೇಳಿ ನಮ್ಮ ಫೋನು ಗಣಗುಟ್ಟುವುದು ನಮಗೂ ಬೇಡ, ಆ ಮನೆಗೆ ಬಂದವರಿಗೂ ಬೇಡ. ಇಂಟರ್‌ನೆಟ್ಟಿನ ರೂಟರ್ ವಾಪಸ್ ಕೊಟ್ಟದ್ದಕ್ಕೆ ರಸೀದಿ ಪಡೆಯದೆ ಬರಬೇಡಿ.

ಕರೆಂಟಿನ ಖಾತೆ ನಮ್ಮ ಹೆಸರಿನಲ್ಲಿತ್ತು. ಬದಲಾವಣೆಗೆ ಅರ್ಜಿ ಕೊಟ್ಟು ಬಂದಿದ್ದರೂ ಮುಂದಿನ ತಿಂಗಳ ಬಿಲ್ಲು ನನ್ನ ಫೋನಿಗೇ ಬಂತು, ಹೊಸಬರು ಉರಿಸಿದ ಯೂನಿಟ್ಟುಗಳೂ ಸೇರಿ. ಒಪ್ಪಿಸಿದ ದಿನದ ಮೀಟರ್ ಫೋಟೊ, ಸಹಿಯ ಹಾಳೆ ಎರಡನ್ನೂ ಓನರ್‌ಗೆ ಕಳಿಸಿದೆ. ನಮ್ಮ ಪಾಲಿನದನ್ನು ನಾನು ಕಟ್ಟಿದೆ, ಉಳಿದದ್ದನ್ನು ಅವರು ಹೊಸಬರಿಂದ ಕಟ್ಟಿಸಿದರು, ಅದರ ಮುಂದಿನ ಬಿಲ್ಲು ಅವರ ಹೆಸರಿಗೆ ಹೋಯಿತು.